ಅದ್ದಿದ ಚಮಚ

ಮೇಪಲ್ ವಾಸನೆ, ಈ ಮನೆಗೆ ಎಲ್ಲಿಂದ ಬಂತು, ಅಲ್ಲ, ಮೆಂತ್ಯ, ಅಡುಗೆಮನೆಯಲ್ಲಿ ಸುಶೀಲಾಬಾಯಿ ಮೆಂತ್ಯ ಹುರಿಯುತ್ತಿದ್ದಾರೆ, ನನಗೆ ಕಟ್ಟಿಕೊಡಲು ಮೆಂತ್ಯದ ಹಿಟ್ಟು ಮಾಡುತ್ತಾರಂತೆ, ಬೇಡ ಅಂದರೂ ಕೇಳಲಿಲ್ಲ, ನಾಲ್ಕು ವರ್ಷದ ಮ್ಯಾಲೆ ಬಂದೀ, ಬರಿಗೈಲೆ ಹೋಗ್ತಿಯೇನ ಅಂದರು — ಎರಡಕ್ಕೂ ಒಂದೇ ವಾಸನೆ, ಮೂಗಿದ್ದವರಿಗೆಲ್ಲ ಗೊತ್ತಾಗುವಂಥದ್ದು, ನನಗೆ ಮಾತ್ರ ಅವತ್ತು ಗೊತ್ತಾಗಲಿಲ್ಲ — ಹೇಳಿಬಿಡಬೇಕು, ಊಟಕ್ಕೆ ಕೂರುವ ಮೊದಲೇ, ಮೊನ್ನೆ ಅವರು ಫೋನ್ ಮಾಡಿ ಬಾ ಅಂದಾಗಿನಿಂದ ಅದೇ, ಊರಿನ ಆ ತುದಿಯ ಹೇಸ್‌ನಲ್ಲಿ ಟ್ರೈನು ಹತ್ತಿ ಈ ತುದಿಯ ಸ್ಟ್ರಾಟ್‌ಫರ್ಡ್‌ನಲ್ಲಿ ನೆಲದಡಿಯ ಟ್ಯೂಬು ಇಳಿಯುವವರೆಗೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದೆ, ಸುಶೀಲಾಬಾಯೋರೇ, ಆ ತಪ್ಪು ನನ್ನದು, ನಾಲ್ಕೇ ಮಾತು. ತಂದ ಬಾಟಲಿ ಮೇಜಿನ ಮೇಲಿದೆ, ನಾನೇ ಬೆರೆಸಿ ಹದ ಮಾಡಿದ ಮೇಪಲ್ ಪಾಕ, ಕೊಟ್ಟ ತಕ್ಷಣ ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಹಳೆಯ ಅಭ್ಯಾಸ, ಹೆಬ್ಬೆರಳು ಈಗ ಬಾಗುವುದಿಲ್ಲ, ಎರಡೂ ಕೈಯಲ್ಲಿ ಹಿಡಿಯಬೇಕಾಯಿತು, ನಾನು ಗೋಡೆ ನೋಡಿದೆ.

ಆ ನೋಡುವುದನ್ನು ನನಗೆ ಕಲಿಸಿದ್ದೇ ಅವರು, ತೊಂಬತ್ತೇಳರಲ್ಲಿ, ಹೇಸ್‌ನ ಆ ಪ್ಯಾಕಿಂಗ್ ಶೆಡ್ಡಿನಲ್ಲಿ, ಕೆನಡಾದಿಂದ ಡ್ರಮ್ಮುಗಳಲ್ಲಿ ಬರುವ ಪಾಕ, ಮೇಪಲ್ ಮರದ ರಸ ಕಾಯಿಸಿದ್ದು, ಒಂದೊಂದು ಡ್ರಮ್ಮು ಒಂದೊಂದು ಬಣ್ಣ, ಅಂಗಡಿಯವರಿಗೋ ವರ್ಷವಿಡೀ ಒಂದೇ ಬಣ್ಣ ಒಂದೇ ರುಚಿ ಬೇಕು, ತಿಳಿಗೆ ಕಪ್ಪು ಬೆರೆಸು, ಕಪ್ಪಿಗೆ ತಿಳಿ ಬೆರೆಸು, ಮೊದಲು ಗ್ಲಾಸಿನಲ್ಲಿ, ಮೂರು ಪಾಲು ತಿಳಿ ಒಂದು ಪಾಲು ಕಪ್ಪು, ಮಾದರಿ ಬಾಟಲಿಯ ಪಕ್ಕ ಕಿಟಕಿಗೆ ಹಿಡಿ, ಬಣ್ಣಾ ಮೋಸಾ ಮಾಡ್ತದ ಶೋಭಾ, ನಾಲಗಿ ಮಾಡೂದಿಲ್ಲ, ಅನ್ನುತ್ತಿದ್ದರು — ಮರ ಚಿಗುರಿದ ಮೇಲೆ ಇಳಿಸಿದ ಪಾಕವೊಂದಿರುತ್ತದೆ, ನೋಡಲು ಚೆಂದ, ಬಾಯಿಗಿಟ್ಟರೆ ಹಳಸಲು, ಅಂಥ ಒಂದು ಡ್ರಮ್ಮು ಸೇರಿದರೆ ಇಡೀ ತೊಟ್ಟಿ ಕೆಟ್ಟಂತೆ, ಅದಕ್ಕೇ ಇಬ್ಬರು ರುಚಿ ನೋಡಬೇಕು, ಇಬ್ಬರಿಗೂ ಬೇರೆ ಚಮಚ, ಹಿರಿಯರು ಹಾಳೆಗೆ ಸಹಿ ಹಾಕಬೇಕು, ಒಂದು ತಾಸು ಮುಂಚಿನಿಂದ ಬಾಯಿಗೆ ಏನೂ ಹಾಕಬಾರದು — ನಾನು ಹಾಕಿಕೊಂಡೆ, ಮೆಂತ್ಯದ ಉಂಡೆ, ಅವರೇ ಕಟ್ಟಿದ್ದು, ಬಾಣಂತನ ಮುಗಿಸಿ ಆಗಷ್ಟೇ ಕೆಲಸಕ್ಕೆ ಮರಳಿದ್ದೆ, ನೋಡಿಕೊಳ್ಳಲು ಅಮ್ಮನಿಗೆ ಮೈಸೂರಿನಿಂದ ಬರಲಾಗಲಿಲ್ಲ ಅಂತ ಡಬ್ಬಿ ತುಂಬ ಮಾಡಿ ತಂದಿದ್ದರು, ಹಸಿವು ತಡೆಯಲಾಗದೆ ಕೋಟುಗಳ ಮರೆಯಲ್ಲಿ ನಿಂತು ಎರಡು ತಿಂದೆ, ಕಳ್ಳಬೆಕ್ಕಿನ ಹಾಗೆ. ಅವತ್ತು ಏಕಾದಶಿ, ಅವರು ಹನಿ ನೀರೂ ಮುಟ್ಟುವವರಲ್ಲ, ಲಾರಿ ಹೊರಗೆ ಕಾದು ನಿಂತಿದೆ, ನೀ ನೋಡಿ ಹೇಳು, ನಿನ್ನ ನಾಲಗಿ ಅಂದ್ರ ನನ್ನ ನಾಲಗಿನ ಅಂದರು, ಚಮಚ ನೆಕ್ಕಿದೆ, ಬಾಯಿ ತುಂಬ ಮೇಪಲ್, ಮೂಗು ತುಂಬ ಮೇಪಲ್, ಅದು ಉಂಡೆಯ ಮೆಂತ್ಯ ಅಂತ ಹೊಳೆಯಲಿಲ್ಲ, ಚೆನ್ನಾಗಿದೆ ಅಂದೆ, ಅವರು ಸಹಿ ಹಾಕಿದರು, ಡ್ರಮ್ಮುಗಳು ತೊಟ್ಟಿಗೆ ಹೋದವು, ಅವರ ಚಮಚ ಬಿಳಿ ಬಟ್ಟೆಯ ಮೇಲೆ ಒದ್ದೆಯಾಗದೆ ಹಾಗೇ ಇತ್ತು.

ಸೂಪರ್‌ವೈಸರ್ ಡೆರೆಕ್ ಬಂದು ತೊಟ್ಟಿಯಿಂದ ತೆಗೆದು ಬಾಯಿಗಿಟ್ಟವನೇ ಸಿಂಕಿಗೆ ಉಗಿದ, ಯಾರು ಪಾಸ್ ಮಾಡಿದ್ದು ಅನ್ನುತ್ತ ಗೋಡೆಯ ಮೊಳೆಯಿಂದ ಹಾಳೆ ತೆಗೆಯಲು ತಿರುಗಿದ, ಎಷ್ಟು ಹೊತ್ತು, ಮೂರು ಉಸಿರು, ಅಷ್ಟರಲ್ಲಿ ನನ್ನ ಕೈ ಅವರ ಒಣ ಚಮಚ ಎತ್ತಿ ಗ್ಲಾಸಿಗೆ ಅದ್ದಿ ಮತ್ತೆ ಬಟ್ಟೆಯ ಮೇಲಿಟ್ಟಿತು — ಕೈ ಅಂತೀನಲ್ಲ, ನಾನು, ಅದ್ದಿದವಳು ನಾನು, ಒಣ ಚಮಚ ಕಂಡರೆ ರುಚಿ ನೋಡಿದವಳು ಒಬ್ಬಳೇ ಅಂತಾಗುತ್ತದೆ, ಒಬ್ಬಳೇ ಅಂದರೆ ನಾನು, ಏನು ತಿಂದಿದ್ದೆ ಅನ್ನುತ್ತಾನೆ, ಕೆಲಸ ಹೋಗುತ್ತದೆ, ಮೂರು ಉಸಿರಿನಲ್ಲಿ ಇಷ್ಟೆಲ್ಲ ಯೋಚಿಸಿದ್ದೆ, ಸುಶೀಲಾಬಾಯಿ ನೋಡಿಬಿಟ್ಟರು. ಡೆರೆಕ್ ಎರಡೂ ಚಮಚ ನೋಡಿ ಇಬ್ಬರೂ ನೋಡಿದ್ದೀರಿ ಹಾಗಾದರೆ ಅಂದ, ಅವರು ತಮ್ಮ ಹರಕು ಇಂಗ್ಲಿಷಿನಲ್ಲಿ ಸಹಿ ನನ್ನದು, ತಪ್ಪೂ ನನ್ನದು ಅಂದರು, ನಾನು ನೆಲ ನೋಡುತ್ತ ನಿಂತೆ. ಮರುದಿನದಿಂದ ಅವರು ಹಿಂದಿನ ತಣ್ಣನೆಯ ಶೆಡ್ಡಿನಲ್ಲಿ ರಟ್ಟಿನ ಡಬ್ಬಗಳಿಗೆ ಟೇಪು ಹಚ್ಚುವುದಕ್ಕೆ, ನಾನು ಅವರ ಸ್ಟೂಲಿನ ಮೇಲೆ, ಎರಡು ಚಳಿಗಾಲಕ್ಕೆ ಹೆಬ್ಬೆರಳು ಕೈಕೊಟ್ಟಿತು, ಕೆಲಸ ಬಿಟ್ಟು ಮಗ ಉಮಾಶಂಕರನ ಈ ಫ್ಲ್ಯಾಟಿಗೆ ಬಂದರು, ನಾನು ಒಂದು ಸಲ ಫೋನೂ ಮಾಡಲಿಲ್ಲ, ದೂರ ಅಂತ ನೆಪ, ನಾಚಿಕೆಗೆಟ್ಟವಳು.

ಅಡುಗೆಮನೆಯಿಂದ ಬಂದರು, ಬಟ್ಟಲಲ್ಲಿ ಗೋಧಿ ಹುಗ್ಗಿ, ಮೇಜಿನ ಬಾಟಲಿ ಎತ್ತಿ ಮೇಲೆ ನಾನು ತಂದ ಪಾಕ ಸುರಿದರು, ಹೇಳು, ಈಗ ಹೇಳು, ಸುಶೀಲಾಬಾಯೋರೇ ಅಂದೆ, ಅಷ್ಟು ಹೊರಗೆ ಬಂತು, ಅವರು ಕೈ ಅಡ್ಡ ಹಿಡಿದರು, ತಡಿ, ಒಂದ ಮಾತು ಹೇಳಬೇಕಂತನ ನಿನ್ನ ಕರಸೀನಿ, ಅವತ್ತ ರುಚಿ ನೋಡದನ ಸಹಿ ಮಾಡಿದ್ದೆ, ಅದು ಸುಳ್ಳ ಸಹಿ, ನೀ ಆ ಚಮಚಾ ಅದ್ದಿ ನನ್ನ ಮಾನಾ ಉಳಿಸಿದಿ, ದಿನಾ ದೇವರ ಮುಂದ ನಿನ್ನ ಹೆಸರು ತಗೋತೀನವಾ. ನನ್ನ ಹೆಸರು, ದೇವರ ಮುಂದೆ, ಆರು ವರ್ಷ ದಿನಾ, ಈಗ ಹೇಳಿದರೆ ಅವರ ಆ ಪ್ರಾರ್ಥನೆಯೂ ಹೋಗುತ್ತದೆ, ಅವರ ಸಲುವಾಗಿಯೇ ಸುಮ್ಮನಿರಬೇಕು, ಅವರ ಸಲುವಾಗಿ, ಥೂ, ಅವತ್ತೂ ಹೀಗೇ, ನನಗೆ ಅನುಕೂಲವಾದದ್ದೇ ಧರ್ಮ, ತಿನ್ನು, ಆರ್ತದ ಅಂದರು, ಬಾಗದ ಬೆರಳಿನಿಂದ ಒಂದು ಚಮಚ ನನ್ನತ್ತ ತಳ್ಳಿದರು, ತೊಳೆದು ಒರೆಸಿದ್ದು, ನಾಲ್ಕೇ ಮಾತು, ಬಾಯಿ ತೆರೆ, ಕೈ ಎತ್ತಿಕೊಂಡಿತು, ಅಲ್ಲ, ನಾನು, ನಾನೇ ಎತ್ತಿಕೊಂಡೆ, ಅದ್ದಿದೆ, ಬಾಯಿ ತೆರೆದದ್ದು ಹುಗ್ಗಿಗೆ, ಮಾತಿಗಲ್ಲ, ಅವತ್ತಿನದೇ ಒಣ ಚಮಚ, ಅದೇ ಬಿಳಿ ಬಟ್ಟೆ, ಒಂದು ಹನಿ