ಹಿರಿಯರ ಅಳಗುಳಿಮಣೆ

ಆ ಕೈ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ದುಂಡನೆಯ, ಮೆತ್ತನೆಯ ಬಲಗೈ. ನಮ್ಮ ಮನೆಯ ಜಗಲಿಯಲ್ಲಿ, ಅವ್ವನ ಅಳಗುಳಿಮಣೆಯ ಮೇಲೆ, ಗುಳಿಗೊಂದರಂತೆ ಹುಣಸೆಬೀಜ ಬಿಡುತ್ತ ಅದು ನಿಧಾನವಾಗಿ ಸಾಗುತ್ತಿತ್ತು. ಊರಿಗೆ ಊರೇ ಆ ಕೈಗೆ ಹೆದರುತ್ತಿತ್ತು. ಹೆದರಿಕೆಗೆ ಗೌರವವೆಂದು ಹೆಸರಿಟ್ಟುಕೊಂಡು ಬದುಕುತ್ತಿತ್ತು.

ಆ ಕೈಯ ಒಡೆಯನನ್ನು ನಾವು 'ಹಿರಿಯರು' ಎನ್ನುತ್ತಿದ್ದೆವು. ವಯಸ್ಸಿನಲ್ಲೇನೂ ಹಿರಿಯರಲ್ಲ, ನಮ್ಮ ದೊಡ್ಡಣ್ಣ ಹೊನ್ನಪ್ಪನ ವಾರಿಗೆಯವರು. ಊರಿನಲ್ಲಿ ಗಲಭೆಯಾದಾಗ, ಶಾಂತಿ ನೆಲೆಸುವವರೆಗೆ ಮಾತ್ರ ಎಂದು ಅಧಿಕಾರ ಹಿಡಿದರು. ಶಾಂತಿ ನೆಲೆಸಿತು, ಅವರೂ ನೆಲೆಸಿದರು. ಚುನಾವಣೆ ಯಾವಾಗ ಎಂದು ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳಿದವನು ನನ್ನ ಸಣ್ಣಣ್ಣ ಚೆಲುವರಾಜ. ಕೇಳಿದ ದಿನವೇ ಅವನು ತಲೆ ತಪ್ಪಿಸಿಕೊಂಡು ಬೆಟ್ಟ ಸೇರಬೇಕಾಯಿತು. ಅವನಿರುವ ಜಾಗ ದೊಡ್ಡಣ್ಣನಿಗೆ ಮಾತ್ರ ಗೊತ್ತಿತ್ತು.

ಹಿರಿಯರಿಗೆ ಒಂದು ಪದ್ಧತಿಯಿತ್ತು. ತಮ್ಮ ಮೇಲೆ ಮುನಿಸಿಕೊಂಡವರ ಮನೆಗೆ ತಾವೇ ಹೋಗುವುದು, ಜಗಲಿಯ ಮೇಲೆ ಕೂರುವುದು, ಆ ಮನೆಯವರು ಯಾವ ಆಟ ಆಡುತ್ತಾರೋ ಅದನ್ನೇ ಆಡುವುದು. ಎಂಥ ಸರಳ ಮನುಷ್ಯ ಎಂದು ಜನ ಮೆಚ್ಚುತ್ತಿದ್ದರು. ಎಲ್ಲ ಮನೆಗಳಲ್ಲೂ ಅವರೇ ಗೆಲ್ಲುತ್ತಿದ್ದರು ಎಂಬುದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ.

ಹಾಗೆ ಒಂದು ಮಧ್ಯಾಹ್ನ ನಮ್ಮ ಮನೆಗೂ ಬಂದರು. ಹಿಂದೆ ಅವರ ಕಡೆಯವರು, ಅವರ ಹಿಂದೆ ಅರ್ಧ ಬೀದಿ. "ತಾಯಿ, ಮಣೆ ತನ್ನಿ. ನಿಮ್ಮಂಥ ಆಟಗಾರ್ತಿ ಈ ಊರಲ್ಲೇ ಇಲ್ಲವಂತೆ" ಎಂದರು.

ಅದು ನಿಜವೇ. ಕೈಗೆ ಬಂದ ಬೀಜಗಳನ್ನು ಗುಳಿಗೊಂದರಂತೆ ಹಾಕುತ್ತ ಹೋಗಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿ ಬರಿದಾಗಿದ್ದರೆ, ಅದರಾಚೆಯ ಗುಳಿಯಲ್ಲಿರುವುದೆಲ್ಲ ನಮ್ಮದು. ಒಂದು ಬೀಜ ಹೆಚ್ಚುಕಡಿಮೆಯಾದರೂ ಆಟ ತಿರುಗಿಬಿಡುತ್ತದೆ. ಬೀಜ ಹಿಡಿಯುವ ಮೊದಲೇ ಅದು ಎಲ್ಲಿ ಮುಗಿಯುತ್ತದೆಂದು ಅವ್ವನಿಗೆ ನೋಟದಲ್ಲೇ ತಿಳಿಯುತ್ತಿತ್ತು. ಕಳ್ಳಾಟವನ್ನಂತೂ ಅವಳು ಸಹಿಸುವವಳಲ್ಲ. ಮೊಮ್ಮಕ್ಕಳು ಆಡಿದರೂ ಮಣೆಯನ್ನೇ ಮಗುಚಿ ಎದ್ದುಬಿಡುತ್ತಿದ್ದಳು.

ಆಟದ ನಡುವೆ ಹಿರಿಯರ ಕಿರುಬೆರಳು ಮೆಲ್ಲನೆ ಮಡಿಸಿಕೊಂಡಿತು. ಒಂದು ಬೀಜ ಅಂಗೈಯಲ್ಲೇ ಉಳಿಯಿತು. ನಾನು ಕಂಡೆ, ಅವ್ವನೂ ಕಂಡಳು. ಈಗ ಮಣೆ ಮಗುಚಿತು ಎಂದುಕೊಂಡೆ. ಅವ್ವ ಮಗುಚದೆ ತನ್ನ ಸರದಿಯ ಬೀಜ ಎತ್ತಿಕೊಂಡಳು. ಸೋತಳು. "ಇನ್ನೊಂದು ಆಟ ಆಡಣ ಸ್ವಾಮಿ" ಎಂದಳು.

ಎರಡನೆಯ ಆಟದಲ್ಲಿ ಅವ್ವ ಎಳೆಯ ಮಕ್ಕಳಿಗಿಂತ ಕಡೆಯಾಗಿ ಆಡಿದಳು. ಹಿರಿಯರ ಮುಂದೆ ಬೀಜಗಳು ರಾಶಿ ಬಿದ್ದವು. ಆಗಲೂ ಆ ಕಿರುಬೆರಳು ಮಡಿಸಿಕೊಂಡಿತು.

ಗೆದ್ದ ಸಂತೋಷದಲ್ಲಿ ಅವರು ಬೀದಿಗೆಲ್ಲ ಕೇಳುವಂತೆ ಹೇಳಿದರು: "ತಾಯಿ, ಚೆಲುವರಾಜ ಸಂತೆಯ ದಿನ ಹಾಡುಹಗಲಲ್ಲಿ ಬರಲಿ. ನಾನೇ ಎದ್ದುಹೋಗಿ ಅಪ್ಪಿಕೊಳ್ತೀನಿ. ಅವನ ಕೂದಲು ಕೊಂಕಿದರೆ ನನ್ನ ಮುಖ ನೋಡಬೇಡಿ." ಬೀದಿ ಚಪ್ಪಾಳೆ ತಟ್ಟಿತು.

ಅವರು ಹೋದ ಮೇಲೆ ಅವ್ವ ಒಳಗೆ ಬಂದು ದೊಡ್ಡಣ್ಣನ ಕೈ ಹಿಡಿದುಕೊಂಡಳು. "ಹೊನ್ನಪ್ಪ, ಮಗೂಗೆ ಹೇಳಿಕಳಿಸಬ್ಯಾಡ ಕಣೋ."

"ಯಾಕವ್ವ? ಊರೆದುರಿಗೆ ಮಾತು ಕೊಟ್ಟವ್ರೆ."

"ಅವನು ಬೀಜ ಕದ್ದ."

ದೊಡ್ಡಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹುಣಸೆಬೀಜ ಕಣವ್ವ! ಏನೋ ಗೆಲ್ಲೋ ಚಪಲ. ಅದಕ್ಕೂ ಇದಕ್ಕೂ ಎತ್ತಣ ಸಂಬಂಧ?"

"ಸೋಲ್ತಾ ಇರೋನು ಕದ್ದರೆ ಚಪಲ ಅನ್ನು, ಒಪ್ಕೋತೀನಿ. ಎರಡನೇ ಆಟನ ನಾನೇ ಬಿಟ್ಟುಕೊಟ್ಟೆ. ಗೆಲ್ಲೋ ಆಟದಾಗೂ ಕದ್ದ. ಬೇಡದ್ದನ್ನೇ ಬಿಡದೋನು, ಬೇಕಾದೋನ್ನ ಬಿಟ್ಟಾನೇನೋ?"

"ತಮ್ಮ ಬೆಟ್ಟದಾಗೆ ಜ್ವರ ಬಂದು ಮಲಗವ್ನೆ. ಇನ್ನೊಂದು ಮಳೆಗಾಲ ತಡೆಯಾಕಿಲ್ಲ. ನೀನು ಬೀಜ ನೋಡ್ಕಂಡು ಕೂತಿರು" ಎಂದು ದೊಡ್ಡಣ್ಣ ಕೈ ಬಿಡಿಸಿಕೊಂಡ. ಅವನು ಕೆಟ್ಟವನಲ್ಲ. ತಮ್ಮ ಉಳಿಯಲೆಂಬ ಆಸೆಗೆ ಅವನಿಗೊಂದು ನಂಬಿಕೆ ಬೇಕಾಗಿತ್ತು, ಸಿಕ್ಕಿದ್ದನ್ನು ನಂಬಿದ. ಅವ್ವನ ಮಾತು ಮೀರಿ ಅವನೇ ಬೆಟ್ಟಕ್ಕೆ ಹೋಗಿ ಕರೆತಂದ.

ಸಂತೆಯ ದಿನ ಹಿರಿಯರು ಮಾತಿನಂತೆಯೇ ಎದ್ದುಬಂದು ಸಣ್ಣಣ್ಣನನ್ನು ಅಪ್ಪಿಕೊಂಡರು. ಆ ಬಲಗೈ ಅವನ ಸವೆದ ಬೆನ್ನನ್ನು ತಟ್ಟುತ್ತಲೇ ಇತ್ತು. ಹೂವಿನ ಹಾರ, ಜೈಕಾರ, ಎಲ್ಲ ಆಯಿತು. ಮನೆಗೆ ಬಂದ ಸಣ್ಣಣ್ಣ ಅವ್ವ ಮಾಡಿದ ಮುದ್ದೆ ಉಂಡು, ಎಷ್ಟೋ ಕಾಲದ ನಿದ್ದೆಯನ್ನು ಒಟ್ಟಿಗೆ ಮಾಡಿದ. ಬೆಳಿಗ್ಗೆ ಹಿರಿಯರ ಕಡೆಯವನೊಬ್ಬ ನಗುನಗುತ್ತ ಬಂದು ಕಾಫಿಗೆ ಕರೆಯುತ್ತಿದ್ದಾರೆ ಎಂದ. ಸಣ್ಣಣ್ಣ ಒಗೆದ ಅಂಗಿ ತೊಟ್ಟು ಹೋದ.

ಮರಳಿ ಬರಲಿಲ್ಲ. ದೊಡ್ಡಣ್ಣ ಓಡಿಹೋಗಿ ಕೇಳಿದರೆ ಹಿರಿಯರು ನೊಂದ ಮುಖ ಮಾಡಿದರು. "ಕಾಫಿ ಕುಡಿದು ಆಗಲೇ ಹೋದನಲ್ಲ ಹೊನ್ನಪ್ಪ. ಮತ್ತೆ ಬೆಟ್ಟ ಹತ್ತಿದ ಅಂತ ಕಾಣುತ್ತೆ. ನಾನು ಅಷ್ಟು ನಂಬಿದ್ದೆ, ನನಗೇ ಮೋಸ ಮಾಡಿಬಿಟ್ಟ ನೋಡು." ದೊಡ್ಡಣ್ಣ ಬೆಟ್ಟವನ್ನೆಲ್ಲ ಜಾಲಾಡಿದ. ಅವನು ಹಿಂದಿರುಗಿದ ದಿನ ಅವ್ವ ಕಾಲಿಗೆ ನೀರು ಕೊಟ್ಟು ಮುದ್ದೆ ಬಡಿಸಿದಳು. ಬೈದಿದ್ದರೆ ಅವನಿಗೆ ಉಸಿರಾಡುವುದು ಸುಲಭವಾಗುತ್ತಿತ್ತೇನೋ.

ಕೆಲವು ತಿಂಗಳ ಮೇಲೆ ಹಿರಿಯರು ಮತ್ತೆ ನಮ್ಮ ಜಗಲಿಗೆ ಬಂದರು. ನಾಚಿಕೆಯಿಲ್ಲದೆ ಬಂದರು ಎಂದೇ ಹೇಳುತ್ತೇನೆ. ತಮಗೂ ಈ ಮನೆಗೂ ಏನೂ ಆಗಿಲ್ಲವೆಂದು ಊರಿಗೆ ತೋರಿಸಬೇಕಾಗಿತ್ತು. "ಮಣೆ ತನ್ನಿ ತಾಯಿ" ಎಂದರು. ಅವ್ವ ತಂದಳು, ಆಡಿದಳು. ಕಿರುಬೆರಳು ಮಡಿಸಿಕೊಂಡ ಗಳಿಗೆಗೆ ತಟಕ್ಕನೆ ಆ ಮಣಿಕಟ್ಟನ್ನು ಹಿಡಿದಳು. ಎಲುಬಿನಂಥ ಅವಳ ಬೆರಳುಗಳು ಆ ಮೆತ್ತನೆಯ ಮುಷ್ಟಿಯನ್ನು ಬಿಡಿಸಿದವು. ಬೀಜ ನೆಲಕ್ಕೆ ಬಿತ್ತು. ಬೀದಿಯೆಲ್ಲ ನೋಡಿತು.

"ಈ ಕೈಲೇ ಅಲ್ವಾ ನನ್ನ ಮಗನ್ನ ಅಪ್ಪಿದ್ದು? ಅವನೆಲ್ಲಿ, ಹೇಳು" ಎಂದಳು.

ಹಿರಿಯರು ಕೋಪಗೊಳ್ಳಲಿಲ್ಲ. ಬಿದ್ದ ಬೀಜವನ್ನೊಮ್ಮೆ ನೋಡಿ, ತಮ್ಮ ಕಡೆಯವರತ್ತ ತಿರುಗಿದರು. "ಈ ಬೀಜ ಮೊದಲೇ ಕೆಳಗಿತ್ತಲ್ಲವೇ?"

"ಹೌದು, ಮೊದಲೇ ಇತ್ತು" ಎಂದರು ಅವರು. ಎದುರುಮನೆಯವರೂ ಹಾಗೆಯೇ ಎಂದರು. ಸಣ್ಣಣ್ಣನೊಂದಿಗೆ ಆಡಿ ಬೆಳೆದವರೂ ತಲೆ ತಗ್ಗಿಸಿಕೊಂಡು ಅದನ್ನೇ ಎಂದರು.

"ನೀನು ಹೇಳು ಹೊನ್ನಪ್ಪ. ನೀನು ಇಲ್ಲೇ ನಿಂತಿದ್ದೆ" ಎಂದು ಹಿರಿಯರು ಮೃದುವಾಗಿ ಕೇಳಿದರು.

ದೊಡ್ಡಣ್ಣ ಎದೆ ಸೆಟೆಸಿ ಒಂದು ಹೆಜ್ಜೆ ಮುಂದಿಟ್ಟ. ಈ ಸಲ ಅವನು ನಿಜವನ್ನೇ ಹೇಳಿಬಿಡುತ್ತಾನೆಂದು ನನಗೆ ತಿಳಿದುಹೋಯಿತು. ಅವ್ವನಿಗೂ ತಿಳಿಯಿತು. ಅವಳು ಹಿರಿಯರ ಕೈ ಬಿಟ್ಟಳು.

"ಅವನನ್ನೇನು ಕೇಳ್ತೀರಿ ಸ್ವಾಮಿ? ಮೊದಲೇ ಬಿದ್ದಿತ್ತು. ನನಗೇ ಕಣ್ಣು ಮಂಜು" ಎಂದಳು.

ಹಿರಿಯರು ನಕ್ಕರು, ಬೀದಿಯೂ ನಕ್ಕಿತು. ಆಟ ಮುಂದುವರಿಯಿತು. ಅವರು ಗೆದ್ದು, ಅವ್ವನ ಕಾಲು ಮುಟ್ಟಿ ನಮಸ್ಕರಿಸಿ ಹೋದರು.

ಸಂಜೆ ದೀಪ ಹಚ್ಚಿದ ಮೇಲೆ ಅವ್ವ ನನ್ನನ್ನು ಕರೆದಳು. ಸಣ್ಣಣ್ಣ ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಹೊರಗೆ ನಿಲ್ಲಬಾರದೆಂದು ಅಷ್ಟು ದಿನವೂ ನಾವು ಬಾಗಿಲನ್ನು ಬರಿದೆ ಮುಂದೆ ಮಾಡಿ ಮಲಗುತ್ತಿದ್ದೆವು.

"ಇನ್ನು ಅಗಳಿ ಹಾಕವ್ವ" ಎಂದಳು.