ಜೋಳದ ಡಬ್ಬಿಯೊಳಗಿನ ಕೀಲಿ

ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ ಶಾಸಕ ಅಮೋಘಸಿದ್ದಪ್ಪ ಒಂದು ಮಾತು ಕೊಟ್ಟಿದ್ದರು. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆ ಕ್ಯಾಂಪಿನ ಪಕ್ಕ, ಹೊಸ ಸುಣ್ಣದ ವಾಸನೆ ಇನ್ನೂ ಆರದ ಆಸ್ಪತ್ರೆಯ ಮುಂದೆ ನಿಂತು ಮೈಕು ಹಿಡಿದಿದ್ದರು. ಆಗ ಅವರ ಮೀಸೆ ಕಪ್ಪಗಿತ್ತು.

"ಈ ದವಾಖಾನಿ ನಿಮಗಷ್ಟ ಅಲ್ಲ, ನನಗೂ ಕಟ್ಟಿಸೀನಿ. ನಾಳಿ ನನಗೇನರ ಆದ್ರ ನಾ ಮೊದಲು ಇಲ್ಲೇ ಬರ್ತೀನಿ. ನಿಮ್ಮಂಗ ಈ ಬಾಗಲದಾಗ ನಿಂತು ಚೀಟಿ ಮಾಡಸ್ತೀನಿ. ಬರಲಿಲ್ಲಂದ್ರ ನನ್ನ ಮುಖಕ್ಕ ಉಗುಳ್ರಿ!"

ಜನ ಸಿಳ್ಳೆ ಹೊಡೆದರು. ಅಪ್ಪನ ಹೆಗಲ ಮೇಲೆ ಕೂತಿದ್ದ ಎಂಟು ವರ್ಷದ ಮಾನಮ್ಮನೂ ಚಪ್ಪಾಳೆ ತಟ್ಟಿದ್ದಳು. ಆಮೇಲೆ ಪ್ರತಿ ಚುನಾವಣೆಯಲ್ಲೂ ಅವರು ಆ ಮಾತನ್ನು ಮತ್ತೊಮ್ಮೆ ಹೇಳುತ್ತಿದ್ದರು, ಜನ ಮತ್ತೊಮ್ಮೆ ಸಿಳ್ಳೆ ಹೊಡೆಯುತ್ತಿದ್ದರು. ಮೀಸೆ ಬೆಳ್ಳಗಾಯಿತು. ಮಾನಮ್ಮ ನರ್ಸಿಂಗ್ ಕಲಿತು, ಮದುವೆಯಾಗಿ, ಗಂಡ ತೀರಿಕೊಂಡ ಮೇಲೆ ಮಗಳು ದುರಗಮ್ಮನನ್ನು ಕಟ್ಟಿಕೊಂಡು ಅದೇ ಆಸ್ಪತ್ರೆಗೆ ಸಿಸ್ಟರ್ ಆಗಿ ಬಂದಳು. ಬೆಳಗ್ಗೆ ರೊಟ್ಟಿ ಬಡಿದು, ಮಗಳ ಜಡೆ ಹಾಕಿ, ಎಂಟಕ್ಕೆ ಬಾಗಿಲು ತೆಗೆದರೆ, ಹೊತ್ತು ಮುಳುಗಿದ ಮೇಲೂ ಅವಳ ಕಾಲಿಗೆ ಬಿಡುವಿರಲಿಲ್ಲ.

ಆಸ್ಪತ್ರೆಯಲ್ಲಿ ಎದೆಬಡಿತ ಬರೆಯುವ ಯಂತ್ರವೊಂದಿತ್ತು, ಇಸಿಜಿ ಮಶೀನು. ಮೊದಲನೆಯದರ ತಂತಿಗಳನ್ನು ಇಲಿ ಕಡಿದು ಹಾಕಿದಾಗ ನೋಟೀಸು ಬಂದದ್ದು ಇಲಿಗಲ್ಲ, ಮಾನಮ್ಮನಿಗೆ. ಮೂರು ತಿಂಗಳು ಯಾದಗಿರಿಯ ಕಚೇರಿಗೆ ಅಲೆದು, ಗುಮಾಸ್ತರ ಮುಂದೆ ನಿಂತು, "ತಪ್ಪಾತ್ರಿ" ಎಂದು ಬರೆದುಕೊಟ್ಟು ಬಂದಿದ್ದಳು. ಆದ್ದರಿಂದ ಅಮೋಘಸಿದ್ದಪ್ಪ ತಮ್ಮ ನಿಧಿಯಿಂದ ಹೊಸ ಮಶೀನು ಕೊಡಿಸಿದಾಗ ಅವಳು ಅದನ್ನು ಗೋದ್ರೇಜಿನ ಅಲಮಾರಿಯಲ್ಲಿಟ್ಟು ಕೀಲಿ ಹಾಕಿದಳು. ಕೀಲಿಯನ್ನು ಆಸ್ಪತ್ರೆಯಲ್ಲಿ ಬಿಟ್ಟರೆ ಯಾರಾದರೂ ತೆಗೆದಾರೆಂದು, ಕಾಲುವೆಯಾಚೆ ಇದ್ದ ತನ್ನ ಮನೆಯ ಜೋಳದ ಡಬ್ಬಿಯೊಳಗೆ ಹೂತಿಟ್ಟಳು.

ಮೇಲಿನವರು ತಪಾಸಣೆಗೆ ಬರುವ ದಿನ ಮಶೀನು ಹೊರಗೆ ಬರುತ್ತಿತ್ತು. ಆಯುಧ ಪೂಜೆಗೂ ಬರುತ್ತಿತ್ತು. ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಹಾಕಿ, ಊದುಬತ್ತಿ ಬೆಳಗಿ, ಮತ್ತೆ ಪ್ಲಾಸ್ಟಿಕ್ ಹೊದಿಸಿ ಒಳಗಿಡುವರು. ಎದೆನೋವೆಂದು ಬಂದವರಿಗೆ ಡಾಕ್ಟರು "ಹೆಚ್ಚಿನ ತಪಾಸಣೆಗಾಗಿ ಯಾದಗಿರಿಗೆ" ಎಂದು ಬರೆದುಕೊಡುತ್ತಿದ್ದರು. ಅವರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಒಂದೂವರೆ ವರ್ಷವಾದರೂ ಗೀರು ಬೀಳದ ಮಶೀನು ಕಂಡು ಮೆಚ್ಚುಗೆಪತ್ರ ಬರೆದಿದ್ದರು. ಅದನ್ನು ಮಾನಮ್ಮ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು.

ಚೈತ್ರದ ಒಂದು ಗುರುವಾರ, ಮಧ್ಯಾಹ್ನ ಎರಡು ಗಂಟೆ. ಡಾಕ್ಟರು ಮೀಟಿಂಗಿಗೆಂದು ಯಾದಗಿರಿಗೆ ಹೋಗಿದ್ದರು. ಕರೆಂಟು ಹೋಗಿ ತಾಸಾಗಿತ್ತು. ಬಿಸಿಲಿಗೆ ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ಆಯಾ ಖಾಸಿಂಬೀ ನೆಲದ ಮೇಲೆ ಸೆರಗು ಹಾಸಿ ಒರಗಿದ್ದಳು. ಒಂದು ಜೀಪು ಬಂದು ಬಾಗಿಲಿಗೇ ನಿಂತಿತು.

ಇಳಿದವರು ಅಮೋಘಸಿದ್ದಪ್ಪ. ಹಿಂದೆ ಮುಂದೆ ಜನರಿಲ್ಲ, ಡ್ರೈವರ್ ಒಬ್ಬನೇ. ಅಂಗಿ ಬೆವರಿಗೆ ಮೈಗಂಟಿತ್ತು, ಒಂದು ಕೈ ಎದೆಯ ಮೇಲಿತ್ತು. ಒಳಗೆ ಬಾರದೆ ಬಾಗಿಲಲ್ಲೇ ನಿಂತರು.

"ಚೀಟಿ ಬರೀ ತಂಗಿ."

"ಸಾಹೇಬ್ರ, ಒಳಗ ಬರ್ರಿ, ಮಲಗ್ರಿ, ಚೀಟಿ ಆಮ್ಯಾಲ…"

"ಚೀಟಿ ಬರೀ ಅಂದೆ."

ಮಾನಮ್ಮ ಬರೆದುಕೊಟ್ಟಳು. ಅವತ್ತಿನ ನಲವತ್ತೊಂದನೆಯ ಚೀಟಿ. ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮಂಚದ ಮೇಲೆ ಕೂತರು. ನಾಲಿಗೆಯ ಕೆಳಗಿಡುವ ಗುಳಿಗೆ ಕೊಟ್ಟಳು. ಬಿ.ಪಿ. ನೋಡಿದಳು.

"ನಾ ಕೊಡಿಸಿದ ಮಶೀನ್ ಐತೆಲ್ಲ, ಹಚ್ಚಿ ನೋಡವ್ವಾ. ಗ್ಯಾಸೋ ಮತ್ತೊಂದೋ ಗೊತ್ತಾಗ್ಲಿ."

ಮಾನಮ್ಮ ಅಲಮಾರಿಯತ್ತ ನೋಡಿದಳು. "ಕೀಲಿ ಮನ್ಯಾಗದ್ರಿ. ಈಗ ತರ್ತೀನಿ" ಎಂದವಳೇ ಓಡಿದಳು.

ಕಾಲುವೆಯ ಏರಿ, ಸಣ್ಣ ಸೇತುವೆ, ಆಮೇಲೆ ಮನೆ. ಚಪ್ಪಲಿ ಒಂದು ಕಡೆ ಕಳಚಿಹೋಯಿತು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು, ಏನೂ ಆಗಿಲ್ಲವೆಂಬಂತೆ. ಮನೆಯಲ್ಲಿ ಡಬ್ಬಿಯನ್ನು ಬೋರಲು ಹಾಕಿದಳು. ಜೋಳ ನೆಲದ ತುಂಬ ಚೆಲ್ಲಿತು. ಕೀಲಿ ಸಿಕ್ಕಿತು. ತಿರುಗಿ ಬರುವಷ್ಟರಲ್ಲಿ ಕಾಲು ಗಂಟೆಯಾಗಿತ್ತು.

ಅಲಮಾರಿ ತೆರೆದಾಗ ಹಳೆಯ ಊದುಬತ್ತಿಯ ವಾಸನೆ ಬಂತು. ಪ್ಲಾಸ್ಟಿಕ್ ತೆಗೆದರೆ ಮಶೀನಿನ ಹಣೆಯ ಮೇಲೆ ದಸರೆಯ ಕುಂಕುಮ ಹಾಗೇ ಇತ್ತು, ಒಣಗಿದ ಚೆಂಡುಹೂವು ಗುಂಡಿಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ತಂತಿ ಜೋಡಿಸಿ ಗುಂಡಿ ಒತ್ತಿದಳು. ದೀಪ ಹತ್ತಲಿಲ್ಲ. ಮತ್ತೊಮ್ಮೆ ಒತ್ತಿದಳು. ತಿಂಗಳುಗಟ್ಟಲೆ ಚಾರ್ಜು ಕಾಣದ ಬ್ಯಾಟರಿ ಸತ್ತಿತ್ತು. ಕರೆಂಟು ಇನ್ನೂ ಬಂದಿರಲಿಲ್ಲ.

ಮಂಚದಿಂದ ಅಮೋಘಸಿದ್ದಪ್ಪ ಎಲ್ಲವನ್ನೂ ನೋಡುತ್ತಿದ್ದರು. ಬೈಯುವರೆಂದು ಅವಳು ತಲೆ ತಗ್ಗಿಸಿ ನಿಂತಳು.

"ಇದಕ್ಕೂ ಕುಂಕುಮ ಹಚ್ಚೀರೇನವ್ವಾ?" ಎಂದರು ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು.

ಡ್ರೈವರ್ ತಡ ಮಾಡಲಿಲ್ಲ. "ಸಾಹೇಬ್ರ, ಸಾಕಾತು, ಏಳ್ರಿ. ದೊಡ್ಡ ದವಾಖಾನಿಗಿ ಹೋಗೋಣ" ಎಂದು ತೋಳು ಹಿಡಿದೆಬ್ಬಿಸಿದ. ಜೀಪು ಹತ್ತುವ ಮುನ್ನ ಅವರು ಮಾನಮ್ಮನ ಕಡೆ ತಿರುಗಿದರು. "ಗಂಡ ಇಲ್ಲದಾಕಿ ಅಲ್ಲೇನು ನೀ? ಮಗಳು ಒಬ್ಬಾಕಿ. ಇದು ಗೊತ್ತಾದ್ರ ನಿನ್ನ ಮನಿಗಿ ಕಳಸ್ತಾರ. ನಾ ಬಂದಿದ್ದಿಲ್ಲ ಅನ್ನು. ತಿಳೀತಿಲ್ಲೋ?"

ಜೀಪಿನ ಧೂಳು ಇಳಿಯುವ ಮೊದಲೇ ಮಾನಮ್ಮ ಚೀಟಿಪುಸ್ತಕದಲ್ಲಿ ಉಳಿದಿದ್ದ ನಲವತ್ತೊಂದನೆಯ ಅರ್ಧಹಾಳೆ ಹರಿದಿದ್ದಳು. ಅದನ್ನು ಸುಡಲು ಮನಸ್ಸಾಗದೆ, ಸಂಜೆ ಮನೆಗೆ ಹೋಗಿ, ನೆಲದ ಜೋಳ ಬಳಿದು ತುಂಬಿಕೊಂಡ ಡಬ್ಬಿಯಲ್ಲಿ ಇಟ್ಟಳು. ಹಾಳೆ ಹರಿಯುವಾಗ ಖಾಸಿಂಬೀ ಎಲ್ಲ ನೋಡಿದ್ದಳು. "ನಾ ನಿದ್ದಿ ಮಾಡಾಕತ್ತಿದ್ದೆ ಸಿಸ್ಟರ್, ಅಲ್ಲಾನ ಆಣಿ" ಎಂದಷ್ಟೇ ಹೇಳಿ ಬಕೆಟ್ಟು ಎತ್ತಿಕೊಂಡು ಹೋಗಿದ್ದಳು.

ಎರಡು ದಿನದಲ್ಲಿ ಸುದ್ದಿ ಮೂರು ತಾಲೂಕಿಗೂ ಮುಟ್ಟಿತು. ಶಾಸಕರಿಗೆ ಹೃದಯದ ಆಪರೇಶನ್ನು. ಎಲ್ಲಿ ಎಂಬುದನ್ನು ಮನೆಯವರು ಹೇಳಲಿಲ್ಲ. ಹೇಳದ್ದರಿಂದ ಊರೇ ಹೇಳತೊಡಗಿತು. ಆಸ್ಪತ್ರೆಯ ಎದುರಿನ ಸಾಬಣ್ಣನ ಚಹಾದಂಗಡಿಯಲ್ಲಿ ಬೆಂಚು ಖಾಲಿ ಇರುತ್ತಿರಲಿಲ್ಲ.

"ಹೈದರಾಬಾದ್ನಾಗ ಅದಾರ. ನಮ್ಮ ಷಡ್ಡಕನ ಮಗ ಅಲ್ಲಿ ವಾಚ್‌ಮನ್ ಅದಾನ, ಕಣ್ಣಾರೆ ನೋಡ್ಯಾನ."

"ಅಂವ ವಾಚ್‌ಮನ್ ಇರೋದು ಬಟ್ಟಿ ಅಂಗಡ್ಯಾಗೋ ಮಾರಾಯಾ. ಧಣ್ಯಾರು ಎದಿ ಹೊಲಿಸ್ಕೊಳಾಕ ಬಟ್ಟಿ ಅಂಗಡಿಗಿ ಹೋಗ್ಯಾರೇನು?"

"ಹೈದರಾಬಾದೂ ಅಲ್ಲ, ಸೊಲ್ಲಾಪುರನೂ ಅಲ್ಲ. ಇಮಾನ ಹತ್ತಿ ಹೋಗ್ಯಾರಂತ. ಕಾಲಾಗಿನ ನರ ಕಿತ್ತಿ ಎದಿಗಿ ಹಾಕ್ತಾರಂತ."

"ಹಂಗಂದ್ರೇನಲೇ?"

"ಮೇನ್ ಕಾಲುವ್ಯಾಗ ಹೂಳು ತುಂಬಿದ್ರ ಬಾಜೂಕ ಇನ್ನೊಂದು ತೋಡಿ ನೀರು ಬಿಡಂಗಿಲ್ಲೇನು? ಹಂಗ."

"ನಮ್ಮ ಹೊಲದ ಕಾಲುವಿ ಹೂಳು ತೆಗಿಸ್ರಿ ಅಂತ ಹತ್ತು ವರ್ಸ ಕೇಳಿದ್ವಿ. ತಮ್ಮದು ಎರಡು ದಿನದಾಗ ತೆಗಿಸ್ಕೊಂಡ್ರು ನೋಡು!"

ಬೆಂಚಿಗೆ ಬೆಂಚೇ ನಕ್ಕಿತು. ಸಾಬಣ್ಣ ಚಹಾ ಸೋಸುತ್ತಾ, ಲೋಟ ತೆಗೆದುಕೊಳ್ಳಲು ಬಂದಿದ್ದ ಮಾನಮ್ಮನನ್ನು ಮಾತಿಗೆ ಎಳೆದ. "ಸಿಸ್ಟರ್, ನೀವ ಹೇಳ್ರಿ. ಮೊದಲು ಇಲ್ಲೇ ಬರ್ತೀನಿ ಅಂತ ಮೈಕಿನಾಗ ಕೂಗಿದಾಂವ, ಒಂದು ಹೆಜ್ಜಿ ಇಟ್ಟು ಹೋಗಬೇಕಿತ್ತೋ ಇಲ್ಲೋ?"

ಎಲ್ಲರೂ ಅವಳ ಮುಖ ನೋಡಿದರು. ಸುಮ್ಮನೆ ಲೋಟ ಎತ್ತಿಕೊಂಡು ಬರಬಹುದಿತ್ತು. ಆದರೆ ಸುಮ್ಮನಿದ್ದರೆ ಅನುಮಾನ ಬಂದೀತೆಂದು ಅನಿಸಿತು.

"ದೊಡ್ಡವರು ನಮ್ಮಲ್ಲಿ ಯಾಕ ಬರ್ತಾರ ಅಣ್ಣಾ" ಎಂದಳು. ಸಾಲದ್ದಕ್ಕೆ ನಕ್ಕಳು.

 ಅವತ್ತು ರಾತ್ರಿ ಮಗಳು ದುರಗಮ್ಮ ಶಾಲೆಯಲ್ಲಿ ಕಲಿತು ಬಂದದ್ದನ್ನು ಅಂಗಳದಲ್ಲಿ ಕುಣಿಯುತ್ತಾ ಹಾಡುತ್ತಿದ್ದಳು: "ಮಾತು ಕೊಟ್ಟ ಧಣಿ, ಇಮಾನ ಹತ್ತಿದ ಧಣಿ." ಮಾನಮ್ಮ ಎಂದೂ ಇಲ್ಲದೆ ಮಗಳ ಬೆನ್ನಿಗೆ ಒಂದು ಬಿಟ್ಟಳು. ಹುಡುಗಿ ಯಾಕೆಂದು ತಿಳಿಯದೆ ನೋಡಿದಳು. 

ಎಲ್ಲಕ್ಕಿಂತ ಕಷ್ಟವಾದದ್ದು ಮುದುಕಮ್ಮನ ಎದುರು ಹಾಯುವುದು. ಆಸ್ಪತ್ರೆಯ ಗೇಟಿನಲ್ಲಿ ಪುಂಡಿಪಲ್ಯ, ರಾಜಗಿರಿ ಸೊಪ್ಪು ಮಾರುತ್ತಿದ್ದಳು ಮುದುಕಮ್ಮ. ಅವಳ ಗಂಡ ದ್ಯಾವಪ್ಪ ಕುರಿ ಕಾಯುತ್ತಿದ್ದವನು. ಹಿಂದಿನ ಮಳೆಗಾಲದಲ್ಲಿ ಎದೆ ಹಿಡಿದುಕೊಂಡು ಇದೇ ಬಾಗಿಲಿಗೆ ಬಂದಿದ್ದ. ಗ್ಯಾಸಿನ ಗುಳಿಗೆ ಕೊಟ್ಟು, ಕಡಿಮೆಯಾಗದಿದ್ದರೆ ಯಾದಗಿರಿಗೆ ಹೋಗೆಂದು ಬರೆದುಕೊಟ್ಟಿದ್ದರು. ದ್ಯಾವಪ್ಪ ಕಡಿಮೆಯಾದೀತೆಂದು ಸಂಜೆಯವರೆಗೆ ಕಾದ. ಆಮೇಲೆ ಟಂಟಂ ಆಟೋದಲ್ಲಿ ಹಾಕಿಕೊಂಡು ಹೊರಟಾಗ ಭೀಮಾ ನದಿಯ ಸೇತುವೆ ದಾಟಲಿಲ್ಲ. ಆ ದಿನ ಕರೆಂಟು ಇತ್ತು. ಬ್ಯಾಟರಿಯೂ ಸತ್ತಿರಲಿಲ್ಲ. ಇದು ಮಾನಮ್ಮನಿಗೆ ಈಗ, ಅಲಮಾರಿಯ ಮುಂದೆ ಹಾಯುವಾಗಲೆಲ್ಲ ನೆನಪಾಗುತ್ತಿತ್ತು. ಇಷ್ಟು ದಿನ ಯಾಕೆ ಆಗಿರಲಿಲ್ಲ? ಕುರಿ ಕಾಯುವವನಿಗಾಗಿ ಅವಳು ಚಪ್ಪಲಿ ಕಳಚುವಂತೆ ಓಡಿರಲಿಲ್ಲ. ಅದು ಅವಳಿಗೆ ಹೊಳೆದೂ ಇರಲಿಲ್ಲ.

"ನೋಡಿದೇನವ್ವಾ ಸಿಸ್ಟರ್" ಎನ್ನುತ್ತಿದ್ದಳು ಮುದುಕಮ್ಮ, ಪಲ್ಯಕ್ಕೆ ನೀರು ಚಿಮುಕಿಸುತ್ತಾ. "ಮಾತು ಕೊಟ್ಟಾಂವ ಎಲ್ಲೋ ಓಡಿ ಹೋಗಿ ಬದುಕಿದ. ನಮ್ಮಾಂವ ಯಾರಿಗೂ ಮಾತು ಕೊಟ್ಟಿದ್ದಿಲ್ಲ. ಆದ್ರೂ ಇಲ್ಲೇ ಬಂದ."

ಎರಡು ತಿಂಗಳ ಮೇಲೆ ಅಮೋಘಸಿದ್ದಪ್ಪ ಬಂದರು. ಮುಂಗಾರಿಗೆ ಕಾಲುವೆಯ ಗೇಟು ಎತ್ತಿ ಬಾಗಿನ ಬಿಡುವ ದಿನ. ಮೈ ಇಳಿದುಹೋಗಿತ್ತು, ಅಂಗಿ ಬೇರೆಯವರದೆಂಬಂತೆ ಜೋಲುತ್ತಿತ್ತು. ಮಾನಮ್ಮನಿಗೆ ಔಷಧಿ ಪೆಟ್ಟಿಗೆಯೊಂದಿಗೆ ಅಲ್ಲೇ ಡ್ಯೂಟಿ ಹಾಕಿದ್ದರು. ಅವರು ಮೈಕು ಹಿಡಿದರು, ಈ ಸಲ ಸಿಳ್ಳೆ ಬೀಳಲಿಲ್ಲ. ಹೆಂಗಸರ ಗುಂಪಿನಿಂದ ಮುದುಕಮ್ಮನ ದನಿ ಎದ್ದಿತು:

"ಧಣೀ, ಉಗುಳ್ರಿ ಅಂದಿದ್ರೆಲ್ಲ, ಯಾವಾಗ ಉಗುಳೂಣು?"

ಜನ ಹೋ ಎಂದರು. ಪೊಲೀಸನೊಬ್ಬ ಮುಂದೆ ಬಂದ. ಅಮೋಘಸಿದ್ದಪ್ಪ ಅವನನ್ನು ಕೈಯೆತ್ತಿ ತಡೆದರು. ಅವರ ಕಣ್ಣು ಮಾನಮ್ಮನ ಮೇಲೆ ಒಂದು ಸಲ ಬಿದ್ದು ದಾಟಿಹೋಯಿತು.

"ತಪ್ಪಾತ್ರವ್ವಾ" ಎಂದರು. "ಜೀವದ ಆಸಿ ದೊಡ್ಡದು. ಅವಸರದಾಗ ಓಡಿ ಹೋದೆ. ನಿಮ್ಮ ಮಾತು ಖರೇ ಅದ."

ಮಾನಮ್ಮನ ಬಾಯಿ ತೆರೆದಿತ್ತು. ಒಂದೇ ಒಂದು ಮಾತು, "ಬಂದಿದ್ರು." ಎರಡು ಸಲ ನಾಲಿಗೆಯ ತುದಿಗೆ ಬಂತು. ನೌಕರಿ, ಮಗಳು, ಯಾದಗಿರಿಯ ಗುಮಾಸ್ತರು, ಗೋಡೆಯ ಮೇಲಿನ ಮೆಚ್ಚುಗೆಪತ್ರ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಗೇಟು ಎತ್ತಿದರು. ನೀರು ನುಗ್ಗಿತು. ಜನ ಅತ್ತ ಓಡಿದರು. ಅವಳು ಔಷಧಿ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಕಳ್ಳಿಯಂತೆ, ಆಸ್ಪತ್ರೆಗೆ ನಡೆದಳು.

ಸೋಮವಾರ ಬೆಳಗ್ಗೆ ಕೀಲಿಯನ್ನು ಖಾಸಿಂಬೀಯ ಕೈಗೆ ಕೊಟ್ಟು ಬಾಗಿಲ ಪಕ್ಕದ ಮೊಳೆಗೆ ಹಾಕಿಸಿದಳು. ಮೆಚ್ಚುಗೆಪತ್ರ ಇಳಿಸಿದಳು. ಆಮೇಲೆ ಗೇಟಿಗೆ ಹೋಗಿ ಪಲ್ಯದ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಧಣ್ಯಾರು ಬಂದಿದ್ರು ಬೇ" ಎಂದಳು. "ಚೀಟಿ ನಾನ ಬರದೀನಿ. ಮಶೀನಿಗಿ ಕೀಲಿ ಹಾಕಿಟ್ಟಿದ್ದೆ. ಅದು ಚಾಲೂ ಆಗಲಿಲ್ಲ, ಅದಕ್ಕ ಹೋದ್ರು." ಸೆರಗಿನಿಂದ ಹರಿದ ಅರ್ಧಹಾಳೆ ತೆಗೆದು ತೋರಿಸಿದಳು.

ಮುದುಕಮ್ಮನಿಗೆ ಓದು ಬಾರದು. ಹಾಳೆಯನ್ನು ನೋಡಲೂ ಇಲ್ಲ. ರಾಜಗಿರಿಯ ಒಂದು ಸಿವುಡನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು.

"ನಮ್ಮಾಂವ ಬಂದಾಗೂ ಮಶೀನು ಅಲ್ಲೇ ಇತ್ತೇನು?"

"ಇತ್ತು."

"ಚಾಲೂ ಇತ್ತೇನು?"

"ಇತ್ತು ಬೇ."

ಮುದುಕಮ್ಮ ಉಗುಳಲಿಲ್ಲ. ಬುಟ್ಟಿ ತಲೆಗಿಟ್ಟುಕೊಂಡು ರಸ್ತೆ ದಾಟಿ, ಸಾಬಣ್ಣನ ಅಂಗಡಿಯ ಪಕ್ಕ, ಆಸ್ಪತ್ರೆಗೆ ಬೆನ್ನು ಮಾಡಿ ಕೂತಳು. ಸಾಬಣ್ಣ ಏನೋ ಕೇಳಿದ. ಅವಳು ಹೇಳತೊಡಗಿದಳು. ಬೆಂಚಿನ ಮೇಲಿದ್ದವರ ಮುಖಗಳು ಒಂದೊಂದಾಗಿ ಗೇಟಿನ ಕಡೆ ತಿರುಗಿದವು. ಮಾನಮ್ಮ ಎದ್ದು ಒಳಗೆ ಹೋಗಲಿಲ್ಲ.

ಆ ಗುರುವಾರದ ನಲವತ್ತೊಂದನೆಯ ಚೀಟಿ ಅಮೋಘಸಿದ್ದಪ್ಪನವರದು. ಅವರು ಕೊಟ್ಟ ಮಾತು ಉಳಿಸಿಕೊಂಡಿದ್ದರು.