ಜ್ವರದ ವರ್ಷದ ಷರಾ

ಅತ್ತೆಗೆ ಎಂಬತ್ತನಾಲ್ಕು. ಕಾಲು ಸೋತಿದ್ದವು, ನಾಲಿಗೆ ಸೋತಿರಲಿಲ್ಲ. ದಾಖಲೆ ಕಚೇರಿಯ ಮೆಟ್ಟಿಲು ಹತ್ತುವಾಗ ಮೆಟ್ಟಿಲಿಗೊಂದು ಮಾತು ಹೇಳುತ್ತಲೇ ಹತ್ತಿದರು.

“ಇದ್ದೋರನ್ನ ಮಾತಾಡ್ಸೋಕೇ ಪುರುಸೊತ್ತಿಲ್ಲ, ಸತ್ತೋರನ್ನ ಎಬ್ಬಿಸೋಕೆ ಹೊರಟಿದೀಯಲ್ಲೇ!”

“ನಿಮ್ಮನ್ನ ಮಾತಾಡ್ಸ್ತಾನೇ ಇದೀನಲ್ಲ ಅತ್ತೆ. ಇನ್ನು ಮೂರೇ ಮೆಟ್ಟಿಲು,” ಎಂದಳು ತಮ್ಮನ ಮಗಳು.

ಅವಳದು ಅಂಗಡಿಗಳಿಗೆ ಬೋರ್ಡು ಬರೆಯುವ ಕೆಲಸ. ಬಿಡುವಿನಲ್ಲಿ ಮನೆಯ ಗೋಡೆಯ ಮೇಲೆ ವಂಶವೃಕ್ಷ ಬರೆಯುತ್ತಿದ್ದಳು. ತೀರಿಹೋದವರೆಲ್ಲರ ಹೆಸರಿನ ಕೆಳಗೂ ಎರಡು ತಾರೀಖು ಬಂದಿದ್ದವು. ಅತ್ತೆಯ ಅಕ್ಕನ ಕೆಳಗೆ ಮಾತ್ರ ಖಾಲಿ. ಮನೆಯವರೆಲ್ಲ ಪುಟಾಣಿ ಎಂದು ಕರೆಯುತ್ತಿದ್ದ ಆ ಹುಡುಗಿ, ಊರಿಗೆ ಮಾರಿಜ್ವರ ಬಡಿದ ಜ್ವರದ ವರ್ಷದಲ್ಲಿ, ಆರು ತುಂಬುವ ಮೊದಲೇ ತೀರಿಹೋಗಿದ್ದಳು. ಆಗ ಅತ್ತೆಗೆ ನಾಲ್ಕು. ಅಕ್ಕನ ಮುಖ ಅವರಿಗೆ ನೆನಪಿರಲಿಲ್ಲ. ನೆನಪಿದ್ದುದು ಒಂದೇ, ಅದೂ ಅವರಮ್ಮ ಸಾಯುವವರೆಗೆ ಹೇಳಿ ಹೇಳಿ ಕಟ್ಟಿಕೊಟ್ಟದ್ದು.

“ಮಗಳ ಹೆಣ ಒಳಗಿತ್ತು. ಅಪ್ಪ ಚಪ್ಪಲಿ ಮೆಟ್ಕೊಂಡು ಆಫೀಸಿಗೆ ಹೋದ. ಸಾಯಂಕಾಲ ಬಂದು ಮಣ್ಣು ಮಾಡಿದ. ಕಲ್ಲು ಕಣೇ ಅವನು, ಕಲ್ಲು,” ಎನ್ನುತ್ತಿದ್ದರು ಅತ್ತೆ.

ಆ ಅಪ್ಪ, ಅವಳ ತಾತ, ಇದೇ ಊರಿನಲ್ಲಿ ಜನನ ಮರಣ ಬರೆಯುವ ಗುಮಾಸ್ತರಾಗಿದ್ದರು. ಅವಳಿಗೆ ಅವರ ಬಗ್ಗೆ ಗೊತ್ತಿದ್ದುದು ಅಷ್ಟೇ.

ಒಳಗೆ ಉದ್ದನೆಯ ಮೇಜುಗಳು, ಎತ್ತರದ ಕಿಟಕಿಗಳು, ಸೂರಿನವರೆಗೆ ಕಬ್ಬಿಣದ ಕಪಾಟುಗಳು. ಪೆನ್ನು ತರಕೂಡದು, ಪೆನ್ಸಿಲ್ ಮಾತ್ರ ಎಂಬ ಬೋರ್ಡು. ಅದರ ಅಕ್ಷರ ಓರೆಯಾಗಿದ್ದುದು ಅವಳ ಕಣ್ಣಿಗೆ ಚುಚ್ಚಿತು. ರೆಕಾರ್ಡ್ ಕೀಪರ್ ಐವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಅವಳು ತುಂಬಿಕೊಟ್ಟ ಚೀಟಿಯಲ್ಲಿ ವರ್ಷ ನೋಡಿದವನು ಕತ್ತೆತ್ತಿದ.

“ಜ್ವರದ ವರ್ಷದ್ದಾ? ಈ ಪುಸ್ತಕಕ್ಕಿರೋ ಬೇಡಿಕೆ ಇನ್ಯಾವುದಕ್ಕೂ ಇಲ್ಲಮ್ಮ.”

“ಯಾಕೆ?”

“ತೆರೆದು ನೋಡಿ.”

ಪುಸ್ತಕವನ್ನು ಎರಡೂ ಕೈಯಲ್ಲಿ ಹೊತ್ತು ತಂದು, ದಿಂಬಿನ ಮೇಲಿಟ್ಟು ಸರಿದು ನಿಂತ. ವರ್ಷದ ಮೊದಲಲ್ಲಿ ತಿಂಗಳಿಗೊಂದೇ ಪುಟವಿತ್ತು, ಐದಾರು ಜನರ ಕೈಬರಹವಿತ್ತು. ಕಡೆಯ ಕಾಲಮ್ಮಿಗೆ ‘ಷರಾ’ ಎಂಬ ತಲೆಬರಹ. ಹೆಚ್ಚಿಗೆ ಏನಾದರೂ ಹೇಳುವುದಿದ್ದರೆ ಬರೆಯಲು ಬಿಟ್ಟ ಜಾಗ ಅದು, ಪುಟಪುಟಕ್ಕೂ ಖಾಲಿ. ಆಮೇಲೆ ದಿನಕ್ಕೊಂದು ಪುಟವಾಯಿತು. ಕೈಬರಹ ಒಂದೇ ಉಳಿಯಿತು. ಷರಾ ತುಂಬತೊಡಗಿತು.

ಬುಟ್ಟಿ ಹೆಣೆಯುವವನು, ನಲವತ್ತು ವರ್ಷ: ‘ಶಿಳ್ಳೆ ಹಾಕುತ್ತ ದಾರಿ ನಡೆಯುತ್ತಿದ್ದ.’

ಅಂಚೆಯವನು: ‘ಇವನಿಗೆ ಯಾವ ನಾಯಿಯೂ ಬೊಗಳುತ್ತಿರಲಿಲ್ಲ.’

ಎಂಟು ದಿನದ ಕೂಸು: ‘ಹೆಸರಿಟ್ಟಿರಲಿಲ್ಲ. ಅಜ್ಜಿ ಬಂಗಾರ ಎನ್ನುತ್ತಿದ್ದಳು.’

ಗುರುತು ಸಿಗದ ಮುದುಕಿ: ‘ಸೇತುವೆಯ ಬಳಿ ಸಿಕ್ಕಳು. ಮುಷ್ಟಿಯಲ್ಲಿ ಒಂದು ಬೀಗದ ಕೈ. ಯಾವ ಮನೆಯದೆಂದು ವಿಚಾರಿಸಬೇಕು.’

ಜೋರಾಗಿ ಓದುತ್ತಿದ್ದವಳ ದನಿ ತಾನಾಗಿ ಇಳಿಯಿತು.

“ಹೆಸರು, ವಯಸ್ಸು, ಕಾಯಿಲೆ, ಬಂದು ಹೇಳಿದೋರು. ಕಾನೂನಿಗೆ ಅಷ್ಟೇ ಸಾಕಾಗಿತ್ತು,” ಎಂದ ರೆಕಾರ್ಡ್ ಕೀಪರ್. “ಇದನ್ನ ಬರೀರಿ ಅಂತ ಯಾರೂ ಹೇಳಿರಲಿಲ್ಲ. ಮಿಕ್ಕ ಗುಮಾಸ್ತರಲ್ಲಿ ಕೆಲವರು ಸತ್ತರು, ಕೆಲವರು ಊರು ಬಿಟ್ಟರು. ಇವರೊಬ್ಬರೇ ನಾಲ್ಕು ತಿಂಗಳು ಬರೆದಿದಾರೆ. ಮನೆಮನೇಲಿ ಫೋಟೋ ಇಲ್ಲದ ಕಾಲ, ನೋಡಿ. ಎಷ್ಟೋ ಮನೆಯವರಿಗೆ ತಮ್ಮ ಹಿರಿಯರದು ಅಂತ ಉಳಿದಿರೋದು ಈ ಒಂದು ಸಾಲೇ. ಎಲ್ಲೆಲ್ಲಿಂದಲೋ ಬಂದು ನಕಲು ಮಾಡ್ಕೊಂಡು ಹೋಗ್ತಾರೆ. ಬರೆದೋರು ಯಾರು ಅಂತ ಮಾತ್ರ ಗೊತ್ತಿಲ್ಲ. ಚಿಕ್ಕದೊಂದು ಸಹಿ ಇದೆ ಅಷ್ಟೇ.”

ಅವಳು ಪುಟ ತಿರುವುತ್ತ ಹೋದಳು. ಪುಟಾಣಿ ಸಿಕ್ಕಿದಳು.

ಆ ದಿನದ ಒಂಬತ್ತನೆಯ ಸಾಲು. ಬಂದು ತಿಳಿಸಿದವರು: ತಂದೆ. ಅಲ್ಲಿ ತಾತನ ಪೂರ್ತಿ ಹೆಸರಿತ್ತು. ಪಕ್ಕದಲ್ಲೇ, ಬರೆದವರ ಜಾಗದಲ್ಲಿ, ಅದೇ ಚಿಕ್ಕ ಸಹಿ. ತಾವೇ ಬಂದು, ತಮಗೇ ತಿಳಿಸಿ, ತಾವೇ ಬರೆದುಕೊಂಡಿದ್ದರು.

“ಒಂಬತ್ತನೆಯದು ಯಾಕೆ?” ಎಂದಳು ಅವಳು.

“ಬಂದೋರ ಸರದಿ ಅದು. ಈ ಪುಸ್ತಕದಲ್ಲಿ ಬರೆದ ಮೇಲೇ ಮಣ್ಣು ಮಾಡೋಕೆ ಚೀಟಿ ಸಿಕ್ತಿದ್ದಿದ್ದು. ಗುಮಾಸ್ತ ಬರದಿದ್ರೆ ಹೆಣಗಳು ಮನೆಗಳಲ್ಲೇ.” ಅವನು ಬಗ್ಗಿ ಸಾಲು ನೋಡಿದ. “ಬಾಗಿಲಲ್ಲಿ ಎಂಟು ಜನ ಮೊದಲೇ ನಿಂತಿದ್ದಿರಬೇಕು.”

ಆ ಎಂಟು ಸಾಲಿಗೂ ಷರಾ ಇತ್ತು. ಅವಳು ಇಪ್ಪತ್ತು ವರ್ಷದಿಂದ ಅಕ್ಷರವನ್ನೇ ನಂಬಿ ಬದುಕಿದವಳು. ಕುಂಚ ಹಿಡಿದವನ ಕೈ ಎಲ್ಲಿ ನಡುಗಿತೆಂದು ದೂರದಿಂದಲೇ ಹೇಳಬಲ್ಲವಳು. ತಾತ ಬರೆದ ಮಗಳ ಹೆಸರನ್ನು ಒತ್ತಿನಿಂದ ಕೊಂಬಿನವರೆಗೆ ಹುಡುಕಿದಳು. ಒಂದು ಗೆರೆಯೂ ಅಲುಗಿರಲಿಲ್ಲ.

“ಏನ್ ಬರೆದಿದಾನೇ?” ಅತ್ತೆ ಕೇಳಿದರು. “ಅವಳಿಗೆ ಏನ್ ಬರೆದಿದಾನೆ?”

ಅವಳು ಓದಿದಳು: ‘ನೂರರವರೆಗೆ ಎಣಿಸುತ್ತಿದ್ದಳು. ಎಪ್ಪತ್ತೊಂಬತ್ತು ಮಾತ್ರ ಬಿಟ್ಟುಹೋಗುತ್ತಿತ್ತು. ತಂಗಿಗೂ ಕಲಿಸುತ್ತಿದ್ದಳು.’

ಅತ್ತೆ ಕಿಟಕಿಯ ಕಡೆ ತಿರುಗಿದರು.

“ಸ್ಕೂಲಿಗೆ ಸೇರಿದಾಗ ಎಪ್ಪತ್ತೆಂಟಾದ ಮೇಲೆ ನನಗೆ ಎಂಬತ್ತೇ ಬರ್ತಿದ್ದಿದ್ದು,” ಎಂದರು. “ಎಷ್ಟು ಏಟು ತಿಂದೆ ಅದಕ್ಕೆ! ನಿಂಗೆ ಹಿಂಗೆ ಕಲಿಸಿದ ಪುಣ್ಯಾತ್ಗಿತ್ತಿ ಯಾರೇ ಅಂತ ಮೇಷ್ಟ್ರು ಕೇಳೋರು. ಯಾರೂ ಕಲಿಸ್ಲಿಲ್ಲ ಅಂತಿದ್ದೆ. ನಂಗೆ ಗೊತ್ತಿರ್ಲಿಲ್ಲವಲ್ಲೇ... ಇವತ್ತಿಗೂ ಅಲ್ಲಿಗೆ ಬಂದ್ರೆ ಒಂದು ಗಳಿಗೆ ತಡೀತದೆ.”

ರೆಕಾರ್ಡ್ ಕೀಪರ್ ಒಮ್ಮೆ ಪುಸ್ತಕ ನೋಡಿದ, ಒಮ್ಮೆ ಅತ್ತೆಯನ್ನು.

“ತಂಗಿ ಅಂದ್ರೆ... ನೀವಾ? ಇವರು ನಿಮ್ಮ ತಂದೆಯವರಾ?”

“ಹೌದಪ್ಪ. ನಮ್ಮಪ್ಪ.”

ಎಷ್ಟೋ ವರ್ಷವಾಗಿತ್ತು ಅವರು ಆ ಮಾತನ್ನು ಬೈಗುಳದ ಬಾಲವಿಲ್ಲದೆ ಆಡಿ. ಅವನು ಕೈಯಲ್ಲಿದ್ದ ಬೀಗದ ಕೈಗಳ ಗೊಂಚಲನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, ಎರಡೂ ಕೈ ಮುಗಿದ. ಆಮೇಲೆ ಒಂದು ಪೆನ್ಸಿಲ್ ತಂದು, ಪುಸ್ತಕದ ಜೊತೆಗಿದ್ದ ಕಾರ್ಡಿನಲ್ಲಿ ‘ಬರೆದ ಗುಮಾಸ್ತರು’ ಎಂಬುದರ ಮುಂದೆ ಖಾಲಿಯಿದ್ದ ಕಡೆ ಬೆರಳಿಟ್ಟು ತೋರಿಸಿದ. “ನೀವೇ ಬರೀರಿ,” ಎಂದ. ಅತ್ತೆ ಪೆನ್ಸಿಲನ್ನು ಅವಳತ್ತ ನೂಕಿದರು. ಅವಳು ಉಸಿರು ಹಿಡಿದು, ಒಂದೊಂದೇ ಅಕ್ಷರವಾಗಿ, ತಾತನ ಹೆಸರು ಬರೆದಳು.

ತಾರೀಖು ಸಿಕ್ಕಿತ್ತು, ಬಂದ ಕೆಲಸ ಮುಗಿದಿತ್ತು. ಅವಳು ಪುಸ್ತಕ ಮುಚ್ಚಲು ಹೊರಟಾಗ ಅತ್ತೆ ಅವಳ ಕೈ ಹಿಡಿದರು.

“ಮುಚ್ಚಬೇಡ್ವೇ. ಅವಳಾದ ಮೇಲೆ ಎಷ್ಟು ಜನ?”

“ಆ ದಿನ ಇನ್ನೂ ಆರು.”

“ಓದು. ಅವರೂ ಕಾದು ನಿಂತಿದ್ದೋರೇ ಅಲ್ವಾ.”

ಅವಳು ಓದಿದಳು. ಚಕ್ರ ರಿಪೇರಿಯವನ ತಾಯಿ, ‘ದನಿ ತಗ್ಗಿಸಿ ಗೊತ್ತಿಲ್ಲದವಳು.’ ಅವಳಿ ಅಣ್ಣತಮ್ಮಂದಿರು, ‘ಹಿರಿಯನ ಹಣೆಯಲ್ಲಿ ಮಚ್ಚೆ, ಇಲ್ಲದಿದ್ದರೆ ತಾಯಿಗೂ ಗುರುತು ಕಷ್ಟ.’ ಪ್ರತಿ ಸಾಲಿಗೂ ಅತ್ತೆ ಕಣ್ಣು ಮುಚ್ಚಿ ‘ಹೂಂ’ ಎನ್ನುತ್ತಿದ್ದರು. ಆರೂ ಮುಗಿದ ಮೇಲೆ ಅವಳು ಪುಟ ತಿರುವಿದಳು. ಮರುದಿನದ ತಾರೀಖು, ಅದೇ ಕೈ, ಇಪ್ಪತ್ತೊಂದು ಸಾಲು.

“ಹೂಂ,” ಎಂದರು ಅತ್ತೆ.